ಕಡಲತಡಿಯ ಹೋಟೆಲಿನಲ್ಲಿ ರಾತ್ರಿ ಸದ್ದು: ತನಿಖೆ ಎಲ್ಲಿಂದ ಶುರು ಮಾಡಲಿ?

ತೆರೆಮರೆ:
ಹೊನ್ನಾವರದ ಕಡೆ ಸಮುದ್ರಕ್ಕೆ ಮುಖ ಮಾಡಿದ ಮೂರಂತಸ್ತಿನ ಹಳೇ ಹೋಟೆಲು. ದೂರೆಲ್ಲ ಮೇಲ್ಮಹಡಿಯ ಮೂಲೆ ರೂಮಿನದು. ನಡುರಾತ್ರಿ ಗೋಡೆಯೊಳಗೆ ಬಡಿದ ಸದ್ದು, ಬಾತ್‌ರೂಮ್ ಬಾಗಿಲು ತಾನಾಗಿ ಹಾಕಿಕೊಳ್ಳುವುದು, ಲೈಟು ಮಿಣುಕುವುದು. ಮಲಗಿದವರಿಗೆ ಪಕ್ಕದಲ್ಲಿ ಯಾರೋ ನಿಂತ ಹಾಗೆ ಅನಿಸುತ್ತದಂತೆ, ಬೆಳಿಗ್ಗೆ ತಲೆನೋವು. ಎರಡು ರಾತ್ರಿ ರೂಮು ಸಿಗುತ್ತದೆ. ಕೈಯಲ್ಲಿರುವುದು ಕೆ2 ಮೀಟರ್ (ವಿದ್ಯುತ್ಕಾಂತ ಕ್ಷೇತ್ರ ಅಳೆಯುವುದು), ಐಆರ್ ಥರ್ಮಾಮೀಟರ್ (ಮುಟ್ಟದೆ ತಾಪ ಅಳೆಯುವುದು), ಒಂದು ರೆಕಾರ್ಡರ್.

ಫ್ಯೂಸ್‌ವೈರ್:
ತಲೆನೋವು ಅಂದಿರಲ್ಲ, ಮಿಕ್ಕಿದ್ದೆಲ್ಲ ಆಮೇಲೆ. ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆಯಾ? ಜನರೇಟರ್ ಹೊಗೆ ಆ ಕಿಟಕಿ ಕಡೆ ಬರುತ್ತದಾ? ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ಭ್ರಮೆ ಎರಡೂ ತರುತ್ತದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಪ್ರಕಟಿಸಿದ ‘ದೆವ್ವದ ಮನೆ’ಯ ಪ್ರಕರಣದಲ್ಲಿ ಕೊನೆಗೆ ಸಿಕ್ಕಿದ್ದು ಕೆಟ್ಟುಹೋದ ಫರ್ನೇಸ್, ಅಂದರೆ ಮನೆ ಬೆಚ್ಚಗಿಡುವ ಒಲೆ. ಕಾರ್ಬನ್ ಮೊನಾಕ್ಸೈಡ್ ಅಳೆದು ಅಂಕಿ ತೋರಿಸುವ ಮೀಟರೇ ತನ್ನಿ. ಬರೀ ಅಲಾರಂ ಆದರೆ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 70 ಭಾಗ) ಇದ್ದರೂ ಕೂಗಲು ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು. ಗೀಸರ್ ಹಚ್ಚಿ, ನಲ್ಲಿ ಬಿಟ್ಟು, ಮೀಟರ್ ಒಳಗಿಟ್ಟು ಬಾಗಿಲೆಳೆದು 15 ನಿಮಿಷ ಹೊರಗಿರಿ. 30 ಪಿಪಿಎಂ ದಾಟಿದರೆ ಅಲ್ಲಿ ಯಾರೂ ಮಲಗಬಾರದು.

ಲೈಟು ಮಿಣುಕುವುದಕ್ಕೆ ಉಪ್ಪುಗಾಳಿ ಸಾಕು, ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದು ನ್ಯೂಟ್ರಲ್ ಸಡಿಲಾಗಿರುತ್ತದೆ. ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ. ಕೆ2 ಪಕ್ಕದ ಮೊಬೈಲಿಗೂ ಹೊಳೆಯುತ್ತದೆ, ಅದೂ ಒಂದೇ ದಿಕ್ಕಿನಲ್ಲಿ ಅಳೆಯುವ ಸಾಧನ. ಫೋನುಗಳನ್ನು ಫ್ಲೈಟ್ ಮೋಡ್‌ಗೆ ಹಾಕಿ, ಒಂದೇ ಜಾಗದಲ್ಲಿ ಮೂರು ದಿಕ್ಕಿಗೆ ತಿರುಗಿಸಿ ನೋಡಿ. ಐಆರ್ ಥರ್ಮಾಮೀಟರ್ ಗಾಳಿಯ ತಾಪ ಹೇಳುವುದಿಲ್ಲ, ಎದುರಿನ ಗೋಡೆಯದ್ದು ಹೇಳುತ್ತದೆ. ‘ಇಲ್ಲಿ ತಣ್ಣಗಿದೆ’ ಅನ್ನುವುದಕ್ಕೆ ಅದು ದಂಡ.

ಉಬ್ಬರಇಳಿತ:
ಸದ್ದಿನ ಹೊತ್ತೇ ಮುಖ್ಯ. ಎರಡು ರಾತ್ರಿ ಸಾಲದು, ವಾರ ಮೊದಲೇ ರೂಮ್‌ಬಾಯ್ ಕೈಗೆ ನೋಟ್‌ಬುಕ್ ಕೊಟ್ಟು ಗಂಟೆ-ನಿಮಿಷ ಬರೆಸಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋದರೆ ಉಬ್ಬರದ ಅಲೆ ತಡೆಗೋಡೆಗೆ ಹೊಡೆಯುತ್ತಿದೆ. ದಿನವೂ ಅದೇ ಹೊತ್ತಾದರೆ ಪಂಪಿನ ಟೈಮರ್ ನೋಡಿ: ಮೋಟರು ನಿಂತಾಗ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ದಪ್ಪನೆ ಮುಚ್ಚಿ ಆ ಪೆಟ್ಟು ಪೈಪಿನುದ್ದಕ್ಕೂ ಓಡುತ್ತದೆ. ಬಿಸಿನೀರು ಬಳಸಿದ ಮೇಲಿನ ‘ಟಕ್ ಟಕ್’ ಪೈಪು ಹಿಗ್ಗಿ ಕುಗ್ಗುವುದು. ಇನ್ನೊಂದು ರೆಕಾರ್ಡರ್ ತಂದು ತಾರಸಿಯ ಟ್ಯಾಂಕಿನ ಹತ್ತಿರ ಇಡಿ. ಶುರುವಿನಲ್ಲಿ ಎರಡೂ ಒಟ್ಟಿಗಿಟ್ಟು ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಹೊಂದಿಸಲು ಸುಲಭ.

ಬಾಗಿಲಿಗೆ ರಸಮಟ್ಟ ಹಿಡಿದರೆ ಅರ್ಧ ದೆವ್ವ ಹೋಗುತ್ತದೆ. ಚೌಕಟ್ಟು ವಾಲಿಲ್ಲವಾದರೆ ಕೆಳಸಂದಿಯಲ್ಲಿ ಊದುಬತ್ತಿ ಹಿಡಿಯಿರಿ. ರಾತ್ರಿ ಗಾಳಿ ನೆಲದಿಂದ ಕಡಲಿಗೆ ತಿರುಗಿದಾಗ ಹೊಗೆಯೂ ತಿರುಗಿದರೆ ಬಾಗಿಲು ಹಾಕುತ್ತಿರುವುದು ಆ ಗಾಳಿಯೇ ಇರಬಹುದು.

ಹಳೇಕಡತ:
ಮಲಗುವವರಿಗೆ ಯಾವ ರೂಮಿನ ದೂರು ಅಂತ ಹೇಳಬೇಡಿ. ಸ್ಯಾನ್ ಡಿಯಾಗೊ ಬಳಿಯ ಹೋಟೆಲ್ ಡೆಲ್ ಕೊರೊನಾಡೊಗೆ 1892ರ ನವೆಂಬರ್‌ನಲ್ಲಿ ಸುಳ್ಳು ಹೆಸರಲ್ಲಿ ಬಂದ ಕೇಟ್ ಮಾರ್ಗನ್ ಐದು ದಿನದ ಮೇಲೆ ಕಡಲಿಗಿಳಿಯುವ ಮೆಟ್ಟಿಲಲ್ಲಿ ಗುಂಡೇಟಿನಿಂದ ಸತ್ತು ಸಿಕ್ಕಳು. ಸಾವು ನಿಜ. ಆದರೆ ಈಗ ಅವಳು ತಂಗಿದ್ದ ರೂಮನ್ನು ಕೇಳಿ ಪಡೆಯುವವರು ಏನೋ ಆಗುತ್ತದೆಂದು ಕಾಯುತ್ತಲೇ ಮಲಗುತ್ತಾರೆ, ಅಂಥವರ ಸಾಕ್ಷಿ ಎಷ್ಟು ನಂಬುವುದು? ಅದೇ ಸಾಲಿನ ಇನ್ನೊಂದು ರೂಮಲ್ಲೂ ಜನರನ್ನು ಮಲಗಿಸಿ, ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ.

ತೆರೆಮರೆ:
ಗ್ಯಾಸ್ ಗೀಸರೇ ಇದೆ. ಮಳೆ ಎರಚಲಿಗೆ ವೆಂಟಿಲೇಟರ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದಾರಂತೆ.

ಫ್ಯೂಸ್‌ವೈರ್:
ಈಗಲೇ ಫೋನ್ ಮಾಡಿ ಗೀಸರ್ ಬಂದ್ ಮಾಡಿಸಿ, ಸಿಲಿಂಡರಿನ ರೆಗ್ಯುಲೇಟರ್ ತೆಗೆಸಿ. ರೂಮಿಗೆ ಬೀಗ ಹಾಕಲಿ.