ಮಾಡ್‌ಗೊಂದು ರ‍್ಯಾಂಕ್, ಪ್ಲಗಿನ್‌ಗೊಂದು ರ‍್ಯಾಂಕ್: ಒಂದೇ ಕಡೆ ತಂದವರು ಯಾರಾದರೂ ಇದ್ದೀರಾ?

ಕುಮಟೆ_ಕ್ರೀಪರ್
ನಮ್ಮದು ಕುಮಟೆಯ 22 ಹುಡುಗರ ಮೈನ್‌ಕ್ರಾಫ್ಟ್ ಸರ್ವರ್. ಆಟದ ಆವೃತ್ತಿ 1.20.1, ಮಾಡ್, ಪ್ಲಗಿನ್ ಎರಡನ್ನೂ ಒಟ್ಟಿಗೆ ಓಡಿಸುವ ಹೈಬ್ರಿಡ್ ಆರ್ಕ್‌ಲೈಟ್. ಆಟಕ್ಕೇ ಹೊಸದು ಸೇರಿಸುವ ಫೋರ್ಜ್ ಮಾಡ್‌ಗಳೂ ಇವೆ, ಸರ್ವರ್ ನಡೆಸಲು ಬೇಕಾದ ಬುಕಿಟ್ ಪ್ಲಗಿನ್‌ಗಳೂ ಇವೆ. ಯಾರು ಏನು ಮಾಡಬಹುದು ಅನ್ನುವ ಪರ್ಮಿಶನ್ ನೋಡಿಕೊಳ್ಳಲು ಪ್ಲಗಿನ್‌ಗಳಿಗೆ ಲಕ್‌ಪರ್ಮ್ಸ್, ಅದನ್ನು ಪ್ಲಗಿನ್ ಆಗಿಯೇ ಹಾಕಿದ್ದೇನೆ. ಎಫ್‌ಟಿಬಿ ಮಾಡ್‌ಗಳಿಗೆ ಎಫ್‌ಟಿಬಿ ರ‍್ಯಾಂಕ್ಸ್. ಯಾರಿಗಾದರೂ ಬಡ್ತಿ ಕೊಟ್ಟರೆ ಎರಡು ಕಡೆ ಕೊಡಬೇಕು, ಓಪ್ (ಸರ್ವರ್‌ನ ಮೇಲ್ವಿಚಾರಕರ) ಪಟ್ಟಿ ಬೇರೆ. ಕಳೆದ ವಾರ ಒಬ್ಬನನ್ನು ಲಕ್‌ಪರ್ಮ್ಸ್‌ನಲ್ಲಿ ಕೆಳಗಿಳಿಸಿದೆ, ಎಫ್‌ಟಿಬಿಯಲ್ಲಿ ಮರೆತೆ. ಅವನು ರಾತ್ರಿ ಕೂತು ಸ್ಪಾನ್ (ಹೊಸಬರು ಬಂದು ಇಳಿಯುವ ಜಾಗ) ಸುತ್ತಮುತ್ತ ಎಲ್ಲ ಜಾಗಕ್ಕೂ ಬೇಲಿ ಹಾಕಿಕೊಂಡ. ಎಲ್ಲ ಒಂದೇ ಕಡೆಯಿಂದ ನಡೆಯಬೇಕು. ಮುಖ್ಯವಾಗಿ ಜಾಗಕ್ಕೆ ಬೇಲಿ ಹಾಕಿಕೊಳ್ಳುವ ಎಫ್‌ಟಿಬಿ ಚಂಕ್ಸ್ ಮಾಡ್‌ನಲ್ಲಿ ಹೊಸಬರಿಗೆ 25 ಚಂಕ್ (ಜಾಗದ ತುಂಡು), ಹಳಬರಿಗೆ 100. ಲಕ್‌ಪರ್ಮ್ಸ್‌ನಲ್ಲಿ ‘ಎಫ್‌ಟಿಬಿಚಂಕ್ಸ್.ಮ್ಯಾಕ್ಸ್_ಕ್ಲೇಮ್ಡ್’ ಅಂತ ನೋಡ್ (ಒಂದೊಂದು ಅನುಮತಿಯ ಹೆಸರು) ಕೊಟ್ಟು ನೋಡಿದೆ, ಏನೂ ಆಗಲಿಲ್ಲ. ಮಾಡಿದವರು ಅನುಭವ ಹೇಳಿ.

ಘಟ್ಟದ_ಮೇಲಿನವ
ಒಂದೇ ಕಡೆ ತರಲು ಹೋಗಿ ನಾನು ಏನೇನು ಕಳಕೊಂಡೆ ಅಂತ ಹೇಳುತ್ತೇನೆ, ಕೇಳಿ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. 2022ರ ಮಳೆಗಾಲ. ಮನೆಯಲ್ಲೇ ಹಳೆಯ ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್. ಎಲ್ಲವನ್ನೂ ಲಕ್‌ಪರ್ಮ್ಸ್‌ಗೆ ತಂದೆ. ಯಜಮಾನ, ಒಕ್ಕಲು, ನೆಂಟ ಅಂತ ಮೂರೇ ಗ್ರೂಪ್, ನೆಂಟ ಅಂದರೆ ಡೀಫಾಲ್ಟ್, ಬೇರೆ ಗ್ರೂಪ್ ಇಲ್ಲದವರೆಲ್ಲ ಅದಕ್ಕೇ. ಮೂರು ರಾತ್ರಿ ಕೂತು 340 ನೋಡ್ ಬರೆದೆ. ಆದರೆ ಸ್ಟೋರೇಜ್ ಬದಲಿಸಲಿಲ್ಲ. ಲಕ್‌ಪರ್ಮ್ಸ್ ಮೊದಲಿನಿಂದ ಇಟ್ಟುಕೊಂಡು ಬರುವ ಎಚ್2 ಡೇಟಾಬೇಸ್ ಫೈಲೇ ಸಾಕು ಅಂದುಕೊಂಡೆ. ನಾಲ್ಕನೇ ದಿನ ತೋಟದ ಪಕ್ಕ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಹೋಯಿತು, ಬಂತು, ಹೋಯಿತು, ಬಂತು. ಕೊನೆಗೆ ಬಂದಾಗ ಎಚ್2 ಫೈಲ್ ಕೆಟ್ಟಿತ್ತು, ಲಕ್‌ಪರ್ಮ್ಸ್ ಏಳಲೇ ಇಲ್ಲ. ಬ್ಯಾಕಪ್ ಇತ್ತು, ಯಾವುದರದ್ದು? ವರ್ಲ್ಡ್ ಫೋಲ್ಡರಿನದ್ದು! ಪ್ಲಗಿನ್ ಫೋಲ್ಡರ್ ಬ್ಯಾಕಪ್‌ಗೆ ಸೇರಿಸಿಯೇ ಇರಲಿಲ್ಲ. 340 ನೋಡ್ ಮತ್ತೆ ಬರೆದೆ. ಯುಪಿಎಸ್ 3,200 ರೂಪಾಯಿ, ಇನ್ವರ್ಟರ್ ಬ್ಯಾಟರಿ 13,800. ಎರಡನ್ನೂ ಅಪ್ಪ ಅಡಿಕೆ ದುಡ್ಡಿನಲ್ಲಿ ಕೊಡಿಸಿದರು, ಈಗಲೂ ಊಟಕ್ಕೆ ಕೂತಾಗೆಲ್ಲ ಲೆಕ್ಕ ತೆಗೆಯುತ್ತಾರೆ. ಈಗ ಮರಿಯಾಡಿಬಿ ಅನ್ನುವ ಬೇರೆ ಡೇಟಾಬೇಸ್. ದಿನಾ ರಾತ್ರಿ ‘/ಎಲ್‌ಪಿ ಎಕ್ಸ್‌ಪೋರ್ಟ್’ ಹೊಡೆದು ಲಕ್‌ಪರ್ಮ್ಸ್‌ನ ನಕಲು ತೆಗೆಯುವುದು, ಆ ಫೈಲ್ ಪೆನ್‌ಡ್ರೈವ್‌ಗೆ, ಪೆನ್‌ಡ್ರೈವ್ ದೇವರ ಗೂಡಿನ ಪಕ್ಕ. ನಗಬೇಡಿ.

ಕಾಳಿ_ದಂಡೆ
ಹೈಬ್ರಿಡ್ ಹಾಕಿದ್ದೇ ತಪ್ಪು. ಮಾಡೂ ಬೇಕು, ಪ್ಲಗಿನ್ನೂ ಬೇಕು ಅಂತ ಒಂದೇ ಜಾರ್ ಫೈಲ್‌ನಲ್ಲಿ ತುಂಬಿದರೆ ಪರ್ಮಿಶನ್ ಒಂದಾದರೂ ಉಪಯೋಗವಿಲ್ಲ. ನಮ್ಮ ಕಾರವಾರ ಸರ್ವರ್‌ನಲ್ಲಿ ಜಾಗ ಕಾಯುವ ವರ್ಲ್ಡ್‌ಗಾರ್ಡ್ ಪ್ಲಗಿನ್ ಹಾಕಿ ಸ್ಪಾನ್ ಭದ್ರ ಮಾಡಿದ್ದೆ. ಒಬ್ಬ ಹುಡುಗ ಗೋಡೆಯ ಹೊರಗೆ ಮಾಡ್‌ನ ಅಗೆಯುವ ಯಂತ್ರ ಇಟ್ಟ. ಯಂತ್ರ ಒಳಗೆ ಬಂದು ಅರ್ಧ ಬಂದರು ತಿಂದು ಹೋಯಿತು. ಪ್ಲಗಿನ್‌ಗೆ ಅದು ಕಾಣಲೇ ಇಲ್ಲ, ಯಾಕೆಂದರೆ ಬ್ಲಾಕ್ ಒಡೆದದ್ದು ಆಟಗಾರನಲ್ಲ. ನೀವು ಹುಡುಗನ ಗ್ರೂಪ್‌ಗೆ ನೂರು ನೋಡ್ ‘ಫಾಲ್ಸ್’ ಕೊಡಿ, ಯಂತ್ರಕ್ಕೆ ಯಾವ ಗ್ರೂಪ್?

ನಾನು ಎರಡು ಸರ್ವರ್ ಮಾಡಿದೆ. ಪೇಪರ್ ಅನ್ನುವ ಸರ್ವರ್‌ನಲ್ಲಿ ಪ್ಲಗಿನ್, ಫೋರ್ಜ್‌ನಲ್ಲಿ ಮಾಡ್, ಎರಡರ ಮುಂದೆ ಹೆಬ್ಬಾಗಿಲಿನ ಹಾಗೆ ವೆಲಾಸಿಟಿ, ಆಟಗಾರರು ಅದರ ಮೂಲಕ ಒಳಗೆ ಬರಬೇಕು. ಎರಡೂ ಕಡೆಯ ಲಕ್‌ಪರ್ಮ್ಸ್ ಒಂದೇ ಮರಿಯಾಡಿಬಿಗೆ. ಮಾಡ್ ಕಡೆ ಮಾತ್ರ ಬೇಕಾದ ನೋಡ್‌ಗೆ ಸರ್ವರ್ ಕಾಂಟೆಕ್ಸ್ಟ್ (ಈ ಸರ್ವರ್‌ಗೆ ಮಾತ್ರ ಅನ್ನುವ ಗುರುತು) ಹಾಕುತ್ತೇನೆ, ಉಳಿದದ್ದು ಎರಡಕ್ಕೂ. ಬಾಡಿಗೆ ಯಂತ್ರ ತಿಂಗಳಿಗೆ 2,300 ರೂಪಾಯಿ, 14 ತಿಂಗಳಾಯಿತು, 32,200. ನನ್ನ ಸ್ವಂತ ದುಡ್ಡು.

ಮೊದಲ ರಾತ್ರಿ ಏನಾಯಿತು ಅಂದರೆ, ಪೇಪರ್ ಕಡೆ ಫಾರ್ವರ್ಡಿಂಗ್ (ಬಂದವರು ಯಾರು ಅಂತ ವೆಲಾಸಿಟಿ ಹೇಳಿ ಕಳಿಸುವುದು) ಸರಿಯಿತ್ತು. ಫೋರ್ಜ್‌ಗೆ ವೆಲಾಸಿಟಿಯ ಮಾಡರ್ನ್ ಫಾರ್ವರ್ಡಿಂಗ್ ತಾನಾಗಿ ಗೊತ್ತಿಲ್ಲ, ಅದಕ್ಕೆ ಬೇರೆ ಮಾಡ್ ಬೇಕು ಅನ್ನೋದು ನನಗೂ ಗೊತ್ತಿರಲಿಲ್ಲ. ಎಲ್ಲರ ಯುಯುಐಡಿ (ಖಾತೆಯ ಗುರುತಿನ ಸಂಖ್ಯೆ) ಹೆಸರಿನಿಂದ ಹುಟ್ಟುವ ಆಫ್‌ಲೈನ್ ಯುಯುಐಡಿ ಆಯಿತು. ಲಕ್‌ಪರ್ಮ್ಸ್ ಹೆಸರು ನೋಡಿ ಗುರುತಿಸುವುದಿಲ್ಲ, ಯುಯುಐಡಿ ನೋಡುತ್ತದೆ. ಹಾಗಾಗಿ 31 ಜನರೂ ಹೊಸಬರು, ನಾನೂ ಹೊಸಬ. ತಲೆಬಿಸಿಯಲ್ಲಿ ನನಗೆ ನಾನೇ ಓಪ್ ಕೊಟ್ಟುಕೊಂಡೆ. ವೆಲಾಸಿಟಿಯ ಹಿಂದಿರುವ ಫೋರ್ಜ್ ಸರ್ವರ್‌ನ ಪೋರ್ಟ್ 25566 ಹೊರಗೆ ತೆರೆದೇ ಇತ್ತು. ಪಿಯು ಓದುವ ಒಬ್ಬ ಹುಡುಗ ವೆಲಾಸಿಟಿ ಬಿಟ್ಟು ನೇರ ಆ ಪೋರ್ಟ್‌ಗೆ, ನನ್ನ ಹೆಸರಿಟ್ಟುಕೊಂಡು ಬಂದ. ಬಂದವನು ಓಪ್! ಬೆಳಿಗ್ಗೆ ನೋಡಿದರೆ ನನ್ನ ಮನೆಯ ಮೇಲೆ ಲಾವಾ. ಫೈರ್‌ವಾಲ್ ಹಾಕಿ, ಮಾರಾಯ್ರೇ, ಮೊದಲು ಫೈರ್‌ವಾಲ್ ಹಾಕಿ.

ಕರಿ_ಇಶಾಡ
ಇಷ್ಟೆಲ್ಲ ಯಾಕೆ? ನಾವು ಅಂಕೋಲೆಯ ಒಂಬತ್ತು ಜನ. ವೈಟ್‌ಲಿಸ್ಟ್ ಆನ್, ನಾಲ್ಕು ಜನರಿಗೆ ನೇರ ನಕ್ಷತ್ರ (*, ಅಂದರೆ ಎಲ್ಲ ಪರ್ಮಿಶನ್), ಉಳಿದವರಿಗೆ ಏನೂ ಇಲ್ಲ. ಪರ್ಮಿಶನ್ ಅಂದರೆ ನಂಬಿಕೆ. ನಂಬಿಕೆ ಇಲ್ಲದವರನ್ನು ಸರ್ವರ್‌ಗೆ ಯಾಕೆ ಕರೆಯುತ್ತೀರಿ?
ಇನ್ನೊಂದು. ಶಿರಸಿಯವರೇ, ‘ಒಕ್ಕಲು’ ಅಂತ ಗ್ರೂಪ್‌ಗೆ ಹೆಸರಾ? ಉಳುವವನೇ ಒಡೆಯ ಅಂತ ಕಾನೂನು ಬಂದಿದ್ದು 1974ರಲ್ಲಿ. ಆಟದಲ್ಲೂ ಬಿಡಲ್ವಾ ನೀವು?

ಘಟ್ಟದ_ಮೇಲಿನವ
ಒಕ್ಕಲು ಅಂದರೆ ಬೇಸಾಯ ಮಾಡುವವ ಅಂತಲೂ ಆಗುತ್ತದೆ. ಸುಮ್ನೆ ಇಲ್ಲದ್ದು ಹುಡುಕಬೇಡಿ. ಮತ್ತೆ ನಿಮ್ಮ ‘ನಂಬಿಕೆ’ಯ ಕಥೆ ನನಗೆ ಗೊತ್ತಿದೆ. ಎಸೆನ್ಶಿಯಲ್ಸ್‌ಎಕ್ಸ್ ಪ್ಲಗಿನ್ ಇದೆ ಅಲ್ವಾ ನಿಮ್ಮಲ್ಲಿ? ನಕ್ಷತ್ರ ಇದ್ದವರು ಸತ್ತರೆ ಸಾಮಾನು ಬೀಳುತ್ತದಾ, ನೋಡಿದ್ದೀರಾ?

ಕರಿ_ಇಶಾಡ
ನೋಡಿದ್ದೇವೆ. ಬೀಳುವುದಿಲ್ಲ. ನಕ್ಷತ್ರ ಕೊಟ್ಟರೆ ‘ಎಸೆನ್ಶಿಯಲ್ಸ್.ಕೀಪ್‌ಇನ್ವ್’ ಕೂಡ ಸೇರಿ ಬರುತ್ತದೆ ಅಂತ ಎರಡು ತಿಂಗಳು ಗೊತ್ತಿರಲಿಲ್ಲ. ಉಳಿದ ಐವರು ನಮ್ಮನ್ನು ಕಳ್ಳರು ಅಂದರು, ಅದರಲ್ಲಿ ಒಬ್ಬ ನನ್ನ ಅತ್ತೆಯ ಮಗ. ಗಣಪತಿ ಹಬ್ಬಕ್ಕೆ ಮನೆಗೆ ಬಂದವನು ಮಾತಾಡದೆ ಚಕ್ಕುಲಿ ತಿಂದು ಹೋದ. ನಕ್ಷತ್ರದಿಂದ ‘ಸ್ಲೀಪಿಂಗ್‌ಇಗ್ನೋರ್ಡ್’ ಕೂಡ ಬಂದಿತ್ತು. ನಾವು ನಾಲ್ವರೂ ಸದಾ ಮಲಗಿದ ಲೆಕ್ಕ. ಈಗ ಆ ಎರಡಕ್ಕೂ ‘ಫಾಲ್ಸ್’ ಹಾಕಿದ್ದೇನೆ. ಆದರೂ ನಕ್ಷತ್ರ ತೆಗೆಯುವುದಿಲ್ಲ.

ಶರಾವತಿ_ಅಕ್ಕ
ನಾನು ಹೊನ್ನಾವರ. ಮಗನಿಗೂ ಅವನ ಕ್ಲಾಸಿನವರಿಗೂ ಸರ್ವರ್ ನಡೆಸುತ್ತೇನೆ. ಪ್ಲಗಿನ್ ಒಂದೂ ಇಲ್ಲ, ಬರೀ ಫ್ಯಾಬ್ರಿಕ್ ಮಾಡ್‌ಗಳು. ಹೋದ ವರ್ಷ ಹೈಬ್ರಿಡ್ ಹಾಕಿಸಿಕೊಂಡು ಅನುಭವಿಸಿದ್ದೇನೆ. ಹಾಕಿಕೊಟ್ಟವರು ಯಾರು ಅಂತ ಹೇಳುವುದಿಲ್ಲ, ಅವರು ಇದನ್ನು ಓದುತ್ತಿರಬಹುದು. ಫ್ಯಾಬ್ರಿಕ್‌ನಲ್ಲಿ ಒಂದು ಪರ್ಮಿಶನ್ ಎಪಿಐ (ಮಾಡ್‌ಗಳು ಪರ್ಮಿಶನ್ ಕೇಳುವ ದಾರಿ) ಇದೆ, ಮಾಡ್ ಮಾಡಿದವರು ಅದನ್ನು ಕೇಳಿದ್ದರೆ ಲಕ್‌ಪರ್ಮ್ಸ್ ಉತ್ತರ ಕೊಡುತ್ತದೆ. ಕೇಳದೇ ಇರುವ ಮಾಡ್‌ಗಳು ಬರೀ ಓಪ್ ಲೆವೆಲ್ ನೋಡುತ್ತವೆ, ಎರಡು ಇದೆಯೋ ನಾಲ್ಕು ಇದೆಯೋ ಅಂತ. ಅಂಥವಕ್ಕೆ ನೀವು ತಲೆ ಕೆಳಗಾಗಿ ನಿಂತರೂ ನೋಡ್ ಹತ್ತುವುದಿಲ್ಲ. 47 ಮಾಡ್‌ಗಳನ್ನು ಒಂದೊಂದಾಗಿ ನೋಡಿದೆ. ಮಗನ ಖಾತೆಯಿಂದ ಒಂದೊಂದು ಕಮಾಂಡ್ ಹೊಡೆಯುವುದು, ಕನ್ಸೋಲ್‌ನಲ್ಲಿ ‘/ಎಲ್‌ಪಿ ವರ್ಬೋಸ್’ ನೋಡುವುದು. ಸಾಲು ಬಂದರೆ ಮಾಡ್ ಕೇಳುತ್ತಿದೆ, ಬರದಿದ್ದರೆ ಇಲ್ಲ. ಕೇಳದ ಆರನ್ನು ಕಿತ್ತು ಹಾಕಿದೆ. ಮಗ ಒಂದು ದಿನ ಅತ್ತ. ಅದರಲ್ಲಿ ಡೈನೋಸಾರ್ ಇತ್ತು.
ಅರ್ಧ ಮಕ್ಕಳು ಮೊಬೈಲ್‌ನಿಂದ ಗೀಸರ್ (ಮೊಬೈಲ್ ಆಟವನ್ನು ಸರ್ವರ್‌ಗೆ ಜೋಡಿಸುವ ತಂತ್ರಾಂಶ) ಮೂಲಕ ಬರುತ್ತಾರೆ. ಗೀಸರ್ ಜೊತೆಗಿರುವ ಫ್ಲಡ್‌ಗೇಟ್ ಅವರ ಹೆಸರಿನ ಮುಂದೆ ಚುಕ್ಕೆ ಇಡುತ್ತದೆ, ಯುಯುಐಡಿ ಸೊನ್ನೆಗಳಿಂದ ಶುರುವಾಗುತ್ತದೆ. ಒಂದೇ ಹುಡುಗ ಮೊಬೈಲ್‌ನಲ್ಲಿ ಬಂದರೆ ಒಬ್ಬ, ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಬಂದರೆ ಇನ್ನೊಬ್ಬ. ಖಾತೆ ಜೋಡಿಸುವವರೆಗೂ ‘ಆಂಟಿ ನನ್ನ ರ‍್ಯಾಂಕ್ ಹೋಯ್ತು’ ಅಂತ ದಿನಾ ಫೋನು. ಅಡುಗೆ ಮಾಡುವಾಗಲೂ.

ಕಾಳಿ_ದಂಡೆ
ಅಕ್ಕಾ, ಆರು ಮಾಡ್ ಕಿತ್ತರೆ ಅದು ಪರ್ಮಿಶನ್ ಒಂದು ಮಾಡಿದ ಹಾಗಲ್ಲ. ಮನೆ ಸಣ್ಣದು ಮಾಡಿದ ಹಾಗೆ.

ಶರಾವತಿ_ಅಕ್ಕ
ತಮ್ಮಾ, ನಿನ್ನ ಮನೆ ಮೇಲೆ ಲಾವಾ ಬಿದ್ದಿತ್ತು. ನನ್ನದು ಹಾಗೇ ಇದೆ.

ಕರಿ_ಇಶಾಡ
😂 ಇದನ್ನು ಪಿನ್ ಮಾಡಿ.

ಘಟ್ಟದ_ಮೇಲಿನವ
ಘಟ್ಟದ ಕೆಳಗಿನವರೆಲ್ಲ ಒಟ್ಟಾದರೆ ಹೀಗೇ. 32,200 ಬಾಡಿಗೆ ಕೊಟ್ಟು ಯಾರದ್ದೋ ಯಂತ್ರದಲ್ಲಿ ಇಡುವುದಕ್ಕಿಂತ ನನ್ನ 17,000ದ ಯುಪಿಎಸ್-ಇನ್ವರ್ಟರ್ ಸಾವಿರ ಪಾಲು ಒಳ್ಳೆಯದು. ಅದರಲ್ಲಿ ಮನೆಯ ಮಿಕ್ಸಿಯೂ ಓಡುತ್ತದೆ.

ಕಾಳಿ_ದಂಡೆ
ನಿಮ್ಮ ಶಿರಸಿಯಲ್ಲಿ ನಾಲ್ಕು ದಿನ ಕರೆಂಟ್ ಹೋದಾಗ ಮಿಕ್ಸಿ ಎಷ್ಟು ಹೊತ್ತು ಓಡಿತು ಅಂತಲೂ ಬರೆಯಿರಿ.

ಕರಿ_ಇಶಾಡ
ಇವರು ಜಿಲ್ಲೆಯನ್ನೇ ಎರಡು ಮಾಡಿ, ಶಿರಸಿಗೆ ಬೇರೆ ಜಿಲ್ಲೆ ಕೊಡಿ ಅನ್ನುವವರು. ಇವರ ಹತ್ತಿರ ಎರಡನ್ನು ಒಂದು ಮಾಡುವುದು ಹೇಗೆ ಅಂತ ಕೇಳಿದೆಯಲ್ಲ ಕುಮಟೆ ತಮ್ಮಾ!

ಘಟ್ಟದ_ಮೇಲಿನವ
ಒಂದು ಸಹಿಗೆ ಘಟ್ಟ ಇಳಿದು ಕಾರವಾರಕ್ಕೆ ಬಂದು, ಸಾಹೇಬರು ರಜೆ ಅಂತ ಗೊತ್ತಾಗಿ, ರಾತ್ರಿ ಬಸ್ಸಿಗೆ ವಾಪಸ್ ಹತ್ತಿ ನೋಡಿ. ಆಮೇಲೆ ಮಾತಾಡೋಣ.

ಕುಮಟೆ_ಕ್ರೀಪರ್
ಅಣ್ಣಂದಿರೇ, ಅಕ್ಕಾ, ನನ್ನ 25 ಚಂಕ್‌ನ ಕಥೆ? ಬೇಲಿ ಹಾಕಿದವ ಇವತ್ತು ಇನ್ನೂ ಮೂರು ಹಾಕಿದ.

ಕಾಳಿ_ದಂಡೆ
ಹೈಬ್ರಿಡ್‌ಗೆ ಸಹಾಯ ಮಾಡಬಾರದು ಅಂತ ಇದ್ದೆ. ಆಯಿತು, ಕೇಳು. ಒಂದು, ಎಫ್‌ಟಿಬಿ ರ‍್ಯಾಂಕ್ಸ್ ತೆಗೆ. ಅದು ಇರುವವರೆಗೆ ಚಂಕ್ಸ್ ಅದನ್ನೇ ಕೇಳುತ್ತದೆ, ಲಕ್‌ಪರ್ಮ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಎರಡು, ಅದು ಹೌದು-ಅಲ್ಲ ನೋಡ್ ಅಲ್ಲ, ಸಂಖ್ಯೆ. ಮೆಟಾ ಆಗಿ ಕೊಡಬೇಕು: ‘/ಎಲ್‌ಪಿ ಗ್ರೂಪ್ ಡೀಫಾಲ್ಟ್ ಮೆಟಾ ಸೆಟ್’, ಆಮೇಲೆ ನೀನು ಬರೆದ ಅದೇ ಹೆಸರು, ಆಮೇಲೆ 25. ಮೂರು, ಮಾಡ್‌ಗಳಿಗೆ ಕಾಣಬೇಕಾದರೆ ಲಕ್‌ಪರ್ಮ್ಸ್ ಕೂಡ ಮಾಡ್ ಆಗಿರಬೇಕು. ಫೋರ್ಜ್ ಜಾರ್ ‘ಮಾಡ್ಸ್’ ಫೋಲ್ಡರ್‌ಗೆ ಹಾಕು, ಪ್ಲಗಿನ್ ಜಾರ್ ತೆಗೆ. ತೆಗೆಯುವ ಮೊದಲು ಎಕ್ಸ್‌ಪೋರ್ಟ್ ಮಾಡು. ಆಮೇಲೆ ಆರ್ಕ್‌ಲೈಟ್ ಕಾನ್ಫಿಗ್‌ನಲ್ಲಿ ‘ಫಾರ್ವರ್ಡ್-ಪರ್ಮಿಶನ್’ ಅಂತ ಇದೆ, ಅದನ್ನು ‘ರಿವರ್ಸ್’ ಮಾಡು, ಪ್ಲಗಿನ್‌ಗಳು ಕೇಳಿದ್ದು ಫೋರ್ಜ್ ಕಡೆಗೆ ಹೋಗುತ್ತದೆ. ಚಾಟ್‌ನಲ್ಲಿ ಹೆಸರಿನ ಮುಂದೆ ವಾಲ್ಟ್ ಪ್ಲಗಿನ್‌ನಿಂದ ಬರುತ್ತಿದ್ದ ಬಿರುದು ಹೋಗುತ್ತದೆ, ಅಳಬೇಡ. ಪರೀಕ್ಷೆ ಮಾಡುವಾಗ ಓಪ್ ತೆಗೆದ ಖಾತೆಯಲ್ಲೇ ಮಾಡು.

ಕುಮಟೆ_ಕ್ರೀಪರ್
ಆಯಿತು ಅಣ್ಣಾ! ಮಿತಿ 25 ಅಂತ ತೋರಿಸುತ್ತಿದೆ. ಬಿರುದು ಹೋಗಿದ್ದಕ್ಕೆ ಆಗಲೇ ಇಬ್ಬರು ಸಿಟ್ಟಾಗಿದ್ದಾರೆ.

ಘಟ್ಟದ_ಮೇಲಿನವ
ಅಂಕೋಲೆಯವರ ಸಮಾಧಾನಕ್ಕೆ ‘ಒಕ್ಕಲು’ ಗ್ರೂಪ್‌ಗೆ ‘ರೈತ’ ಅಂತ ಈಗಷ್ಟೇ ಹೆಸರು ಬದಲಿಸಿದೆ. ‘/ಎಲ್‌ಪಿ ಗ್ರೂಪ್ ರಿನೇಮ್’. ಬರೀ ಗ್ರೂಪ್‌ನ ಹೆಸರು ಬದಲಾಗುತ್ತದೆ, ಸದಸ್ಯರು ಅದರ ಜೊತೆ ಬರಬೇಕಾದರೆ ಪೇರೆಂಟ್ (ಯಾರು ಯಾವ ಗ್ರೂಪ್ ಅನ್ನುವ) ಪಟ್ಟಿಯನ್ನೂ ಬದಲಿಸು ಅಂತ ಬೇರೆ ಹೇಳಬೇಕಂತೆ. ನಾನು ಹೇಳಲಿಲ್ಲ. 19 ಜನರೂ ನೆಂಟರಾಗಿ ಅಂಗಳದಲ್ಲಿ ನಿಂತಿದ್ದಾರೆ, ಒಬ್ಬರಿಗೂ ಬಾಗಿಲು ತೆರೆಯುತ್ತಿಲ್ಲ.

ಕರಿ_ಇಶಾಡ
ಪೆನ್‌ಡ್ರೈವ್ ಇದೆಯಲ್ಲ, ದೇವರ ಗೂಡಿನ ಪಕ್ಕ?

ಘಟ್ಟದ_ಮೇಲಿನವ
ತಂಗಿ ಅದರಲ್ಲಿ ಭಜನೆ ತುಂಬಿಸಿಕೊಂಡಿದ್ದಾಳೆ.