ಆಗಸ್ಟೀನರನ್ನು ಎಲ್ಲಿಂದ ಓದಲಿ? ಅನುಭವ ಹಂಚಿಕೊಳ್ಳಿ

ಕೋಲಾರದಿಂದ: ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿದ್ದೇನೆ. ರೋಮನ್ ಸಾಮ್ರಾಜ್ಯದ ಕೊನೆಗಾಲದ ಕ್ರೈಸ್ತ ಚಿಂತಕ, ಉತ್ತರ ಆಫ್ರಿಕಾದ ಬಿಷಪ್ ಸಂತ ಆಗಸ್ಟೀನರ ಕೃತಿಗಳನ್ನು ಓದಬೇಕೆಂಬುದು ಕಾಲೇಜು ದಿನಗಳ ಆಸೆ. ಮನೆ, ಮಕ್ಕಳು, ಉತ್ತರ ಪತ್ರಿಕೆಗಳ ನಡುವೆ ಅದು ಮುಂದಕ್ಕೆ ಹೋಗುತ್ತಲೇ ಬಂತು. ದೈವಶಾಸ್ತ್ರ ಕಲಿತಿಲ್ಲ, ಲ್ಯಾಟಿನ್ ಬಾರದು, ಇಂಗ್ಲಿಷನ್ನು ನಿಧಾನವಾಗಿ ಓದಬಲ್ಲೆ. ಓದಿದವರು ದಾರಿ ತೋರಿಸಿ.

ತುಮಕೂರಿನಿಂದ, ಸಭಾಪಾಲಕ: ಮೇಡಂ, ಇತಿಹಾಸದವರು ಎಂದ ಕೂಡಲೇ ನಿಮ್ಮ ಕೈಗೆ ‘ಸಿಟಿ ಆಫ್ ಗಾಡ್’ ಕೊಡುವವರು ಬಹಳ ಜನ ಸಿಗುತ್ತಾರೆ. 410ರಲ್ಲಿ ಗೋಥರು ಎಂಬ ಜರ್ಮಾನಿಕ್ ಜನಾಂಗದವರು ರೋಮ್ ನಗರವನ್ನು ಸೂರೆಗೊಂಡಾಗ, ಹಳೆಯ ದೇವತೆಗಳನ್ನು ಬಿಟ್ಟದ್ದಕ್ಕೇ ಈ ಗತಿ ಬಂತೆಂದು ಕ್ರೈಸ್ತರ ಮೇಲೆ ದೂರು ಬಂತು. ಅದಕ್ಕೆ ಉತ್ತರವಾಗಿ 413ರ ಸುಮಾರಿಗೆ ಕೈಗೆತ್ತಿಕೊಂಡ ಕೃತಿ 22 ಭಾಗಗಳಾಗಿ ಮುಗಿಯುವ ಹೊತ್ತಿಗೆ 426 ಆಗಿತ್ತು. ಅದರ ಮೊದಲ 10 ಭಾಗಗಳು ರೋಮನ್ ದೇವತೆಗಳ, ತತ್ವಜ್ಞಾನಿಗಳ ಕುರಿತ ವಾದ. ಅನೇಕರ ಓದು ಅಲ್ಲೇ ನಿಂತುಹೋಗುತ್ತದೆ.

‘ಕನ್ಫೆಷನ್ಸ್’ನಿಂದ ಆರಂಭಿಸಿ. ಅದರಲ್ಲಿ 13 ಭಾಗಗಳಿವೆ. ಆತ್ಮಕಥೆ ಎಂದುಕೊಂಡು ಓದಿದವರಿಗೆ 9ನೇ ಭಾಗದ ನಂತರ ದಿಕ್ಕು ತಪ್ಪುತ್ತದೆ. ತಾಯಿ ಮೋನಿಕಾ ರೋಮ್ ಬಳಿಯ ಬಂದರು ಓಸ್ಟಿಯಾದಲ್ಲಿ ತೀರಿಕೊಂಡ ಮೇಲೆ ಕಥೆಯೇ ಇಲ್ಲ. ಆ ಪುಸ್ತಕವಿಡೀ ದೇವರನ್ನು ‘ನೀನು’ ಎಂದು ಕರೆದು ಆಡಿದ ಮಾತು. ಹಾಗಾಗಿ ಗಟ್ಟಿಯಾಗಿ ಓದಿ, ದಿನಕ್ಕೆ ಒಂದೆರಡು ಪುಟ ಸಾಕು. ಎರಡನೇ ಭಾಗದಲ್ಲಿ ಹದಿಹರೆಯದ ಆಗಸ್ಟೀನರೂ ಇದ್ದ ಹುಡುಗರ ಗುಂಪು ಪಿಯರ್ ಹಣ್ಣು ಕದಿಯುತ್ತದೆ, ಹಸಿವಿಗಲ್ಲ. ಹೆಚ್ಚಿನದನ್ನು ಹಂದಿಗಳಿಗೆ ಎಸೆಯುತ್ತದೆ. ಇಷ್ಟು ಸಣ್ಣ ಕಳ್ಳತನಕ್ಕೆ ಅಷ್ಟು ಪುಟಗಳೇಕೆ ಎಂದು ನನ್ನ ಯುವಕರ ಗುಂಪು ಕೇಳಿತ್ತು. ಅಲ್ಲಿಯೇ ನಿಲ್ಲಿ. ಲಾಭವಿಲ್ಲದ ತಪ್ಪನ್ನು ಮನುಷ್ಯ ಏಕೆ ಮಾಡುತ್ತಾನೆ, ಒಬ್ಬನೇ ಇದ್ದರೆ ಮಾಡುತ್ತಿದ್ದನೇ ಎಂದು ಆಗಸ್ಟೀನರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ತರಗತಿ ನಡೆಸಿದ ನಿಮಗೆ ಈ ಪ್ರಶ್ನೆ ಹೊಸದಾಗಿರಲಾರದು. ಕೊನೆಯ ಮೂರು ಭಾಗಗಳಿಗೆ ಬಂದಾಗ ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ, ಆ ವಿಚಾರವೆಲ್ಲ ಅದರ ಮೇಲೆಯೇ ನಿಂತಿದೆ.

ಚಿಕ್ಕಬಳ್ಳಾಪುರದಿಂದ, ನರ್ಸ್: ಅಕ್ಕ, ನನಗೆ ಅವರು ಹತ್ತಿರವಾದದ್ದು ಪ್ರಸಂಗಗಳಿಂದ, ಅಂದರೆ ಚರ್ಚಿನಲ್ಲಿ ಜನರಿಗೆ ಮಾಡಿದ ಉಪದೇಶಗಳಿಂದ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿರುವ ಯೋಹಾನನ ಮೊದಲನೆಯ ಪತ್ರಿಕೆಯ ಮೇಲೆ 10 ಪ್ರಸಂಗಗಳಿವೆ. ರಾತ್ರಿ ಪಾಳಿ ಮುಗಿಸಿ ಬಂದವರೂ ಒಂದೊಂದನ್ನು ಒಮ್ಮೆಗೇ ಓದಿ ಮುಗಿಸಬಹುದು. ‘ಪ್ರೀತಿಸು, ಆಮೇಲೆ ನಿನಗೆ ಬೇಕಾದದ್ದನ್ನು ಮಾಡು’ ಎಂಬ ಪ್ರಸಿದ್ಧ ಮಾತು ಏಳನೆಯದರಲ್ಲಿದೆ. ಗೋಡೆಗೆ ತೂಗುಹಾಕುವ ಫಲಕದಲ್ಲಿ ಅದು ಬಹಳ ಸುಲಭದ ಮಾತಾಗಿ ಕಾಣುತ್ತದೆ. ಪ್ರಸಂಗದಲ್ಲಿ ಅದರ ಹಿಂದೆಯೇ ಒಂದು ಉದಾಹರಣೆಯಿದೆ: ತಂದೆ ಮಗನಿಗೆ ಹೊಡೆಯುತ್ತಾನೆ, ಮಕ್ಕಳ ಕಳ್ಳ ಮುದ್ದು ಮಾಡುತ್ತಾನೆ. ಹೊರಗೆ ಕಾಣುವ ಕೆಲಸವನ್ನಲ್ಲ, ಅದರ ಬೇರನ್ನು ನೋಡಿ ಎನ್ನುತ್ತಾರೆ. ರೋಗಿಗೆ ನೋವಾಗುತ್ತದೆಂದು ಗೊತ್ತಿದ್ದೂ ಗಾಯ ತೊಳೆಯುವ ನನಗೆ ಆ ಪುಟ ಬಹಳ ಬಲ ಕೊಟ್ಟಿದೆ.

ಕೆಜಿಎಫ್‌ನಿಂದ: ಪಾಸ್ಟರ್ ಅವರ ಮಾತನ್ನು ಗೌರವಿಸುತ್ತೇನೆ, ಆದರೂ ಇತಿಹಾಸ ಕಲಿಸಿದವರನ್ನು ‘ಸಿಟಿ ಆಫ್ ಗಾಡ್’ನಿಂದ ಅಷ್ಟು ದೂರ ಇಡಬೇಕಾಗಿಲ್ಲ. 14ನೇ ಭಾಗದ ಕೊನೆಯ ಅಧ್ಯಾಯ ಓದಿ: ಎರಡು ಬಗೆಯ ಪ್ರೀತಿ ಎರಡು ನಗರಗಳನ್ನು ಕಟ್ಟಿತು ಎಂಬ ಮಾತು ಅಲ್ಲಿದೆ. ಅಲ್ಲಿಂದ ನೇರವಾಗಿ 19ಕ್ಕೆ ಹೋಗಿ, ಶಾಂತಿ ಎಂದರೇನು ಎಂಬ ಚರ್ಚೆ ಅಲ್ಲಿ ಬರುತ್ತದೆ. ಉಳಿದದ್ದು ಕಾಯಬಹುದು.

ಇನ್ನೊಂದು ಮಾತು. ಒಪ್ಪಲಾಗದ ಪುಟಗಳೂ ಬರುತ್ತವೆ. ಉತ್ತರ ಆಫ್ರಿಕಾದಲ್ಲಿ ಮುಖ್ಯ ಸಭೆಯಿಂದ ಬೇರೆಯಾದ ಕ್ರೈಸ್ತ ಪಂಗಡ ಡೊನಾಟಿಸ್ಟರ ಮೇಲೆ ಸರ್ಕಾರದ ಬಲ ಪ್ರಯೋಗವನ್ನು ಅವರು ಕೊನೆಗೆ ಸಮರ್ಥಿಸಿದರು. 93ನೇ ಪತ್ರ ನೋಡಿ. ನನಗೆ ಅದು ಇಂದಿಗೂ ನೋವು ಕೊಡುತ್ತದೆ. ಸಂತರೆಂಬ ಕಾರಣಕ್ಕೆ ಅದನ್ನು ದಾಟಿ ಹೋಗಬೇಡಿ, ಅದೊಂದರಿಂದ ಪುಸ್ತಕ ಮುಚ್ಚಲೂಬೇಡಿ. ಎಪ್ಪತ್ತು ದಾಟಿದ ಮೇಲೆ ಅವರೇ ತಮ್ಮ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಓದಿ, ಎಲ್ಲಿ ತಿದ್ದಬೇಕೆಂದು ಬರೆದಿಟ್ಟರು.

ಕೋಲಾರದಿಂದ: ಎಲ್ಲರಿಗೂ ಕೃತಜ್ಞತೆಗಳು. ‘ಕನ್ಫೆಷನ್ಸ್’ ಮತ್ತು ಆ ಪ್ರಸಂಗಗಳನ್ನು ಜೊತೆಯಾಗಿ ಓದುತ್ತೇನೆ. ಪುಸ್ತಕಗಳು ಎಲ್ಲಿ ಸಿಗುತ್ತವೆ?

ತುಮಕೂರಿನಿಂದ, ಸಭಾಪಾಲಕ: ಫಿಲಿಪ್ ಶಾಫ್ ಸಂಪಾದಿಸಿದ ಸಭಾಪಿತೃಗಳ (ಆರಂಭ ಕಾಲದ ಕ್ರೈಸ್ತ ಗುರುಗಳ) ಬರಹಗಳ 19ನೇ ಶತಮಾನದ ಮಾಲೆ ಅಂತರ್ಜಾಲದಲ್ಲಿ ಉಚಿತವಾಗಿದೆ. ಮೊದಲ ಸರಣಿಯ 1ನೇ ಸಂಪುಟದಲ್ಲಿ ‘ಕನ್ಫೆಷನ್ಸ್’, 7ರಲ್ಲಿ ಯೋಹಾನನ ಪತ್ರಿಕೆಯ ಮೇಲಿನ ಆ ಪ್ರಸಂಗಗಳಿವೆ. ಆ ಇಂಗ್ಲಿಷ್ ಹಳೆಯದು. ಕಷ್ಟವಾದರೆ ‘ಕನ್ಫೆಷನ್ಸ್’ಗೆ ಹೆನ್ರಿ ಚಾಡ್ವಿಕ್ ಅವರ ಅನುವಾದ ಕೊಳ್ಳಿ. ಯಾವ ಮಾತು ಸತ್ಯವೇದದ (ಬೈಬಲ್ಲಿನ) ಎಲ್ಲಿಂದ ಬಂದಿದೆ ಎಂಬ ಗುರುತುಗಳು ಅದರಲ್ಲಿವೆ. ಆಗಸ್ಟೀನರು ಉದ್ಧರಿಸುವ ಬೈಬಲ್ಲಿನ ಕೀರ್ತನೆಗಳನ್ನು ಹುಡುಕಿ ತೆಗೆಯಲು ಆ ಗುರುತುಗಳು ನಿಮಗೆ ಬಹಳ ಬೇಕಾಗುತ್ತವೆ.