ಎಲ್‌ಡಿಸಿಗೆ ದುಡ್ಡು ಕಡಿತ ಆಗ್ತಿದೆ, ಇವರಿಂದ ನಮಗೇನು ಸಹಾಯ?

ದಾವಣಗೆರೆ_ಹುಡುಗ:
ನಮಸ್ಕಾರ. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಓಆರ್‌ಇ (ಹೊರದೇಶದಲ್ಲಿ ಓದಿದ ಡೆಂಟಿಸ್ಟರಿಗೆ ಇಲ್ಲಿ ಇರುವ ಪರೀಕ್ಷೆ) ಪಾಸಾಗಿ, ಈಗ ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಅಸೋಸಿಯೇಟ್ ಆಗಿದ್ದೇನೆ, ಅಂದರೆ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಡೆಂಟಿಸ್ಟ್. ತಿಂಗಳ ಲೆಕ್ಕದಲ್ಲಿ ‘ಎಲ್‌ಡಿಸಿ ಲೆವಿ’ ಅಂತ ಕಡಿತ ಇದೆ. ಅದು ಯಾರಿಗೆ ಹೋಗುತ್ತದೆ? ನಿದ್ದೆ ಕೆಡಿಸಿರುವುದು ಇನ್ನೊಂದು ವಿಷಯ. ವರ್ಷದ ಲೆಕ್ಕ ಮುಗಿಯುವ ಮಾರ್ಚ್ 31 ಹತ್ತಿರ ಬಂತು, ನನ್ನ ಯುಡಿಎ (ಚಿಕಿತ್ಸೆಗೆ ಎನ್‌ಎಚ್‌ಎಸ್ ಲೆಕ್ಕ ಹಾಕುವ ಅಂಕ) ಗುರಿ ಇನ್ನೂ ದೂರ ಇದೆ. ಬರುವವರೆಲ್ಲ ವರ್ಷಗಟ್ಟಲೆ ಡಾಕ್ಟರ್ ಸಿಗದೆ ಕಾದವರು. ಮೊನ್ನೆ ಒಬ್ಬರಿಗೆ ಎಂಟು ಹಲ್ಲು ಹುಳುಕು, ನಾಲ್ಕು ಸಲ ಕರೆಸಿ ಫಿಲ್ಲಿಂಗ್ ಮಾಡಿದೆ, ಸಿಕ್ಕಿದ್ದು 5 ಯುಡಿಎ. ಕಮ್ಮಿ ಬಿದ್ದದ್ದನ್ನು ನಿನ್ನಿಂದಲೇ ಹಿಡಿಯುತ್ತೇವೆ ಅಂತಾರೆ ಮಾಲೀಕರು. ಎಲ್‌ಡಿಸಿಗೆ ಹೇಳಿಕೊಂಡರೆ ಪ್ರಯೋಜನ ಇದೆಯಾ?

ಕೆಂಟ್_ಅಕ್ಕ:
ಇದೆ ತಮ್ಮಾ. ಎಲ್‌ಡಿಸಿ ಅಂದರೆ ಲೋಕಲ್ ಡೆಂಟಲ್ ಕಮಿಟಿ, ಆ ಭಾಗದ ಡೆಂಟಿಸ್ಟರೇ ತಮ್ಮವರನ್ನು ಆರಿಸಿ ಕಳಿಸುವುದು. 2006ರ ಎನ್‌ಎಚ್‌ಎಸ್ ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ. ಲೆವಿಯಿಂದಲೇ ಅದು ನಡೆಯುವುದು. 2023ರ ಏಪ್ರಿಲ್‌ನಿಂದ ಡೆಂಟಲ್ ಕರಾರುಗಳೆಲ್ಲ ಐಸಿಬಿಗಳ, ಅಂದರೆ ಎನ್‌ಎಚ್‌ಎಸ್‌ನ ಪ್ರಾದೇಶಿಕ ಮಂಡಳಿಗಳ, ಕೈಯಲ್ಲಿವೆ. ಎಂಟು ಹುಳುಕು ಹಲ್ಲಿಗೆ ಎಷ್ಟು ಹೊತ್ತು ಬೇಕು ಅಂತ ಅವರ ಮುಂದೆ ಕೂತು ಹೇಳುವವರು ಬೇಕಲ್ವಾ, ಆ ಕೆಲಸ ಎಲ್‌ಡಿಸಿಯದು. 2022ರ ನವೆಂಬರ್‌ಗೆ ಮುಂಚೆ ನಿನಗೆ 3 ಯುಡಿಎ ಅಷ್ಟೇ ಸಿಗುತ್ತಿತ್ತು, ಒಂದು ಫಿಲ್ಲಿಂಗಿಗೂ ಅದೇ, ಎಂಟಕ್ಕೂ ಅದೇ. ನನ್ನ ಪ್ರಕಾರ 5 ಕೂಡ ಸಾಲದು.

ಇನ್ನು ವಸೂಲಿ. ಪ್ರಾಕ್ಟೀಸ್ ಒಟ್ಟು ಗುರಿಯ 96%ಗಿಂತ ಕೆಳಗೆ ಬಿದ್ದರೆ ಐಸಿಬಿ ದುಡ್ಡು ವಾಪಸ್ ಕೇಳುತ್ತದೆ. 96 ದಾಟಿದರೆ ಉಳಿದದ್ದನ್ನು ಮುಂದಿನ ವರ್ಷ ಮಾಡಿಕೊಡಬಹುದು. ಆ ಕರಾರು ಇರುವುದು ಮಾಲೀಕರಿಗೂ ಐಸಿಬಿಗೂ. ನಿನ್ನ ಕರಾರು ಮಾಲೀಕರ ಜೊತೆ, ಅದರಲ್ಲಿ ಏನು ಬರೆದಿದೆ ಅಂತ ಇವತ್ತೇ ತೆಗೆದು ಓದು.

ಬ್ಯಾಂಡ್_2:
ಅಕ್ಕ ಹೇಳಿದ್ದು ಸರಿ, ಆದರೆ ಎಲ್‌ಡಿಸಿ ಯೂನಿಯನ್ ಅಲ್ಲ. ಮಾಲೀಕರ ಮೇಲೆ ನಿಮ್ಮ ಪರ ಕೇಸು ಹಾಕುವುದಿಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ಕರಾರಿನ ಸಲಹೆಗೆ ಬಿಡಿಎ (ಬ್ರಿಟನ್ನಿನ ಡೆಂಟಿಸ್ಟರ ಸಂಘ), ರೋಗಿ ದೂರು ಕೊಟ್ಟರೆ ನಿಮ್ಮ ಇಂಡೆಮ್ನಿಟಿಯವರು (ಅಂಥ ದೂರಿನಲ್ಲಿ ರಕ್ಷಣೆ ಕೊಡುವ ಸಂಸ್ಥೆ).

ಮಲೆನಾಡ_ಮಳೆ:
ಹಲವು ಎಲ್‌ಡಿಸಿಗಳಲ್ಲಿ ‘ಪಾಸ್’ ಅಂತ ಒಂದು ವ್ಯವಸ್ಥೆ ಇದೆ, ಕಷ್ಟದಲ್ಲಿರುವ ಡೆಂಟಿಸ್ಟರಿಗೆ ಅನುಭವಸ್ಥರು ಗುಟ್ಟಾಗಿ ಜೊತೆ ನಿಲ್ಲುತ್ತಾರೆ. ನನ್ನ ರೆಕಾರ್ಡ್ ಸರಿಯಿಲ್ಲ ಅಂತ ಪತ್ರ ಬಂದಾಗ ಊಟ ಸೇರುತ್ತಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಒಬ್ಬರು ಹಿರಿಯರು ಮೂರು ಸಂಜೆ ಬಂದು, ಒಂದೊಂದೇ ರೋಗಿಯ ನೋಟ್ಸ್ ತೆರೆದು, ಇಲ್ಲಿ ಎಕ್ಸ್‌ರೇ ಯಾಕೆ ತೆಗೆದೆ ಅಂತ ಬರೆ, ಇಲ್ಲಿ ರೋಗಿಗೆ ಏನು ಹೇಳಿದೆ ಅಂತ ಬರೆ ಅಂತ ಪಕ್ಕದಲ್ಲೇ ಕೂತು ಕಲಿಸಿದರು. ಒಂದು ಪೈಸೆ ತಗೊಳ್ಳಲಿಲ್ಲ. ನೀವು ಒಬ್ಬರೇ ಕೊರಗಬೇಡಿ.

ದಾವಣಗೆರೆ_ಹುಡುಗ:
ತುಂಬಾ ಥ್ಯಾಂಕ್ಸ್. ಕರಾರು ಓದಿದೆ, ವಸೂಲಿಯ ಸಾಲು ಇದೆ, ಆದರೆ ಎಷ್ಟು ಅಂತ ಬರೆದಿಲ್ಲ. ಎಲ್‌ಡಿಸಿ ಕಾರ್ಯದರ್ಶಿಗೆ ಮೇಲ್ ಹಾಕಿದ್ದೆ, ಅರ್ಧ ಗಂಟೆಯಲ್ಲೇ ಫೋನ್ ಮಾಡಿದರು. ಮಂಗಳವಾರ ಸಂಜೆ ಮೀಟಿಂಗ್ ಇದೆಯಂತೆ, ಹೋಗ್ತಿದ್ದೇನೆ.